ಏರದ ಗಾಜು

ಚಾಮುಂಡಿ ಬೆಟ್ಟದ ಕೋತಿಗಳಿಗೆ ರಸಬಾಳೆಗೂ ಪಚ್ಚಬಾಳೆಗೂ ವ್ಯತ್ಯಾಸ ಗೊತ್ತಾಗುತ್ತೋ ಇಲ್ಲವೋ, ನಮ್ಮ ಕಾರಿನಿಂದ ಹೋದದ್ದಂತೂ ಅಸಲಿ ನಂಜನಗೂಡು ರಸಬಾಳೆ. ದೇವರಾಜ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ತಂದದ್ದು. ಅಮ್ಮನವರಿಗೆ ತೋರಿಸಿ, ಮನೆಗೆ ಹೋಗಿ ತಿನ್ನೋಣ ಅಂತ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆವು.

ಬೆಟ್ಟ ಇಳಿಯುವಾಗ ಗಾಳಿ ತಂಪಾಗಿದೆ ಅಂತ ಹೆಂಡತಿ ತನ್ನ ಕಡೆಯ ಗಾಜು ಇಳಿಸಿದಳು. ನಂದಿ ಹತ್ತಿರ ಚುರುಮುರಿಗೆ ನಿಲ್ಲಿಸಿದೆವು. ಅವಳು ಇಳಿದು ಬಾಗಿಲು ಹಾಕಿದಳು. ನಾನು ನನ್ನ ಕಡೆಯ ಸ್ವಿಚ್ ಎತ್ತಿದೆ. ಗಾಜು ಏರಲಿಲ್ಲ. ಮತ್ತೆ ಎತ್ತಿದೆ. ಊಹೂಂ.

"ಎರಡು ನಿಮಿಷಕ್ಕೆ ಏನಾಗುತ್ತೆ, ಬಾರೇ" ಅಂದೆ.

ಕೋತಿಗೆ ಎರಡು ನಿಮಿಷ ಬೇಕಾಗಲಿಲ್ಲ. ಸೀಟಿನ ಮೇಲೆ ನೆಟ್ಟಗೆ ಕೂತು, ಪೂಜೆ ಬ್ಯಾಗಿಗೆ ಕೈ ಹಾಕಿ, ಮೊದಲು ತೆಂಗಿನ ಹೋಳನ್ನು ಮೂಸಿ ವಾಪಸ್ ಇಟ್ಟಿತು. ಆಮೇಲೆ ಹಣ್ಣು ತೆಗೆದು, ನನ್ನನ್ನೇ ನೋಡುತ್ತಾ ನಿಧಾನಕ್ಕೆ ಸುಲಿಯಿತು. ಸಿಪ್ಪೆಯನ್ನು ಡ್ಯಾಶ್‌ಬೋರ್ಡ್ ಮೇಲಿನ ಗಣಪತಿಯ ಮುಂದೆ ಬಿಟ್ಟು, ಉಳಿದ ಬಾಳೆ ಚಿಪ್ಪಿನ ಸಮೇತ ಮರ ಹತ್ತಿತು.

ಕಾರು 2012ರದ್ದು. ಅದರ ಏಸಿ ಈಗ ಬರೀ ಸದ್ದು ಮಾಡುತ್ತೆ. ಹಾಗಾಗಿ ಗಾಜು ನಮಗೆ ಬಹಳ ಮುಖ್ಯ.

ಮನೆಗೆ ಬಂದ ಕೂಡಲೇ ಎದುರುಮನೆಯ ಮೇಷ್ಟ್ರು ಗೇಟಿನಿಂದಲೇ "ಫ್ಯೂಸ್ ಹೋಗಿದೆ" ಎಂದು ತೀರ್ಪು ಕೊಟ್ಟರು. ಮೇಷ್ಟ್ರಿಗೆ ಮಿಕ್ಸಿ ಕೆಟ್ಟರೂ ಫ್ಯೂಸ್, ನಲ್ಲಿಯಲ್ಲಿ ನೀರು ಬರದಿದ್ದರೂ ಫ್ಯೂಸ್. ನಮ್ಮ ಕಾರಿನಲ್ಲಿ ನಾಲ್ಕೂ ಗಾಜಿಗೆ ಸೇರಿ ಒಂದೇ ಫ್ಯೂಸ್. ಮಿಕ್ಕ ಮೂರು ಓಡುತ್ತಿವೆ ಅಂದಮೇಲೆ ಅದು ಹೋಗಿರೋದು ಹೇಗೆ? ಹೀಗೆ ನಾನು ತರ್ಕ ಮಾಡಿದ್ದನ್ನು ಮೇಷ್ಟ್ರು ಇವತ್ತಿಗೂ ಕ್ಷಮಿಸಿಲ್ಲ.

ರಾತ್ರಿ ಮೊಬೈಲಿನಲ್ಲಿ ವಿಡಿಯೋ ನೋಡಿ ಪಂಡಿತನಾದೆ. ವಿಷಯ ಸರಳ. ಬಾಗಿಲಿನ ಹೊಟ್ಟೆಯಲ್ಲಿ ಒಂದು ಪುಟ್ಟ ಮೋಟಾರು. ಅದಕ್ಕೆ ಎರಡು ವೈರು, 12 ವೋಲ್ಟ್. ಕರೆಂಟು ಹೀಗೆ ಹರಿದರೆ ಗಾಜು ಮೇಲೆ, ತಿರುಗಾಮುರುಗಾ ಹರಿದರೆ ಕೆಳಗೆ. ಸ್ವಿಚ್ ಒತ್ತಿದಾಗ ಒಳಗೆ ಗರಗರ ಅಂದು ಗಾಜು ಅಲ್ಲಾಡದಿದ್ದರೆ ಅದನ್ನು ಎಳೆಯುವ ಕೇಬಲ್ ಕಿತ್ತಿರಬಹುದು. ತೆವಳಿಕೊಂಡು ಏರಿದರೆ ಅಂಚಿನ ರಬ್ಬರ್ ಒಣಗಿರಬಹುದು, ಸಿಲಿಕಾನ್ ಸ್ಪ್ರೇ ಹೊಡೆದು ನೋಡಬೇಕು. ನಮ್ಮದು ಸದ್ದೂ ಇಲ್ಲ, ಸುದ್ದಿಯೂ ಇಲ್ಲ. ಅಂದರೆ ಮೋಟಾರಿಗೆ ಕರೆಂಟೇ ಬರುತ್ತಿಲ್ಲ, ಇಲ್ಲಾ ಮೋಟಾರೇ ಮಲಗಿದೆ.

ಮಲಗಿದ್ದರೆ ಎಬ್ಬಿಸಲು ಒಂದು ದಾರಿ ಇದೆಯಂತೆ. ಮೋಟಾರಿನೊಳಗೆ ಕರೆಂಟು ಮುಟ್ಟಿಸುವ ಬ್ರಷ್ ಅನ್ನೋ ತುಂಡು ಸವೆದು ಸಿಕ್ಕಿಕೊಂಡಿದ್ದರೆ, ಸ್ವಿಚ್ ಒತ್ತಿ ಹಿಡಿದು ಬಾಗಿಲಿಗೆ ಗುದ್ದಬೇಕು. ಬೆಳಿಗ್ಗೆ ಹೆಂಡತಿಯನ್ನು ಒಳಗೆ ಕೂರಿಸಿ, ಸ್ವಿಚ್ ಮೇಲೆ ಬೆರಳಿಡಿಸಿ, ಹೊರಗಿನಿಂದ ಗುದ್ದಿದೆ. ಹಾಲು ತರಲು ಹೊರಟವರೆಲ್ಲ ನಿಂತು ನೋಡಿದರು. ಗಂಡ ಹೆಂಡತಿ ಜಗಳ ಅಂದುಕೊಂಡಿರಬೇಕು. ಹತ್ತನೇ ಗುದ್ದಿಗೆ ಅವಳು, "ಸಾಕು ಬಿಡ್ರೀ, ಒಲೆ ಮೇಲೆ ಹಾಲಿದೆ" ಅಂತ ಬೆರಳು ತೆಗೆಯದೇ ಬಾಗಿಲನ್ನು ಅರ್ಧ ತೆಗೆದಳು. ಗಾಜು ಜುಂಯ್ ಅಂತ ಏರಿತು!

"ನೋಡಿದ್ಯಾ ನನ್ನ ಗುದ್ದು?"

"ನಿಮ್ಮ ಗುದ್ದಿಗಲ್ಲ. ನಾನು ಬಾಗಿಲು ತೆಗೆದೆನಲ್ಲ, ಅದಕ್ಕೆ."

"ಬಾಗಿಲಿಗೂ ಗಾಜಿಗೂ ಏನೇ ಸಂಬಂಧ?"

ಗಾಜು ಇರೋದೇ ಬಾಗಿಲಲ್ಲಿ ಅನ್ನೋದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಅವಳು ಮಾತ್ರ ತನ್ನ ಪಾಡಿಗೆ ಆ ಉಪಾಯ ಬಳಸಿಕೊಂಡಳು. ಕಾರು ನಿಂತಾಗ ಬಾಗಿಲು ಅರ್ಧ ತೆಗೆ, ಸ್ವಿಚ್ ಒತ್ತು, ಬಾಗಿಲು ಹಾಕು. ಒಂದು ಸಂಜೆ ಹುಣಸೂರು ರಸ್ತೆಯ ಸಿಗ್ನಲ್ಲಿನಲ್ಲಿ ದಪ್ಪ ಹನಿ ಶುರುವಾಯಿತು. ಎಲ್ಲರೂ ಗಾಜು ಏರಿಸುತ್ತಿದ್ದರೆ ನಮ್ಮ ಕಾರೊಂದೇ ಬಾಗಿಲು ತೆಗೆದುಕೊಂಡಿತ್ತು. ಹಿಂದಿನ ಆಟೋದವನು ತಲೆ ಹೊರಗೆ ಹಾಕಿ, "ಅಕ್ಕಾ, ಇಳಿಯೋದಾದ್ರೆ ಬೇಗ ಇಳೀರಿ, ಸಿಗ್ನಲ್ ಬಿಡ್ತು!" ಅಂತ ಕೂಗಿದ.

ಈ ಅವಮಾನ ಆದಮೇಲೆ ಭಾನುವಾರ ಬಾಗಿಲಿನ ಒಳಗಿನ ಪ್ಯಾನೆಲ್ ಬಿಚ್ಚಲು ಕೂತೆ. ಹಿಡಿಯ ಒಳಗೆ ಎರಡು ಸ್ಕ್ರೂ ಅಡಗಿರುತ್ತವೆ. ಅದು ಗೊತ್ತಾದದ್ದು ಹಿಡಿ ಸೀಳಿದ ಮೇಲೆ. ಸುತ್ತಲೂ ಪ್ಲಾಸ್ಟಿಕ್ ಕ್ಲಿಪ್ಪುಗಳು. ಎಳೆದಾಗ "ಟಪ್" ಅಂದರೆ ಬಿಟ್ಟುಕೊಂಡಿತು ಅಂತ, "ಟಕ್" ಅಂದರೆ ಮುರಿಯಿತು ಅಂತ. ನನಗೆ ಮೂರು ಟಪ್, ಆರು ಟಕ್. ಒಳಗೆ ಕಪ್ಪು ಅಂಟು ಹಚ್ಚಿದ ಪ್ಲಾಸ್ಟಿಕ್ ಹಾಳೆ. ಆ ಅಂಟು ಕೈಗೆ, ಲುಂಗಿಗೆ, ಕೊನೆಗೆ ಕಾಫಿ ಲೋಟಕ್ಕೂ ಹತ್ತಿತು. ಮೋಟಾರಿನ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದೆ. ಹತ್ತಲಿಲ್ಲ. ಸ್ವಿಚ್ಚೇ ಹೋಗಿದೆ ಅಂತ 1,100 ರೂಪಾಯಿಗೆ ಹೊಸ ಸ್ವಿಚ್ ತಂದು ಹಾಕಿದೆ. ಆಗಲೂ ಹತ್ತಲಿಲ್ಲ.

ಕೊನೆಗೆ ಬನ್ನಿಮಂಟಪದ ಕಡೆ ಒಬ್ಬ ಹುಡುಗನ ಹತ್ತಿರ ಹೋದೆವು. ಅವನು ಕೇಳಿದ ಮೊದಲ ಪ್ರಶ್ನೆಯೇ, "ಡೋರ್ ತೆಗೆದಾಗ ಓಡುತ್ತಾ ಸಾರ್?"

ಹೆಂಡತಿ ನನ್ನ ಮುಖ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

ಬಾಗಿಲಿನ ಕೀಲಿನ ಹತ್ತಿರ, ಬಾಡಿಗೂ ಬಾಗಿಲಿಗೂ ನಡುವೆ, ಸುಕ್ಕುಸುಕ್ಕಾದ ಒಂದು ರಬ್ಬರ್ ಕೊಳವೆ ಇದೆ. ವೈರುಗಳೆಲ್ಲ ಅದರೊಳಗಿಂದ ಹೋಗುತ್ತವೆ. ಬಾಗಿಲು ತೆಗೆದಾಗಲೆಲ್ಲ ಅವು ಬಾಗುತ್ತವೆ. ಇಷ್ಟು ವರ್ಷ ಬಾಗಿ ಬಾಗಿ ಒಂದು ವೈರು ತುಂಡಾಗಿತ್ತು. ಬಾಗಿಲು ಅರ್ಧ ತೆಗೆದಾಗ ಎರಡೂ ತುದಿ ಒಂದಕ್ಕೊಂದು ತಾಗುತ್ತಿದ್ದವು, ಹಾಕಿದಾಗಲೂ ಪೂರ್ತಿ ತೆಗೆದಾಗಲೂ ದೂರವಾಗುತ್ತಿದ್ದವು. ಅವನು ಕೊಳವೆ ಜಾರಿಸಿ, ತುದಿ ಕೆರೆದು, ನಡುವೆ ಗೇಣುದ್ದದ ಹೊಸ ವೈರು ಸೇರಿಸಿ ಬೆಸೆದ. ಇಪ್ಪತ್ತು ನಿಮಿಷ, 250 ರೂಪಾಯಿ. ಪ್ಯಾನೆಲ್ ಮುಟ್ಟಲೇ ಇಲ್ಲ.

ಎದ್ದು ಕೈ ಒರೆಸಿಕೊಳ್ಳುವಾಗ ಮಾತ್ರ ಜೋತಾಡುತ್ತಿದ್ದ ಪ್ಯಾನೆಲ್ ಅವನ ಕಣ್ಣಿಗೆ ಬಿತ್ತು. "ಇದನ್ನ ಯಾರು ಸಾರ್ ಹೀಗೆ ಬಿಚ್ಚಿದ್ದು?"

"ಯಾವನೋ ಗ್ಯಾರೇಜಿನವನು" ಅಂದೆ.

"ಇನ್ಮೇಲೆ ಅವನ ಹತ್ರ ಹೋಗ್ಬೇಡಿ ಸಾರ್."

ಹೆಂಡತಿ ಗಾಜು ಇಳಿಸಿ, ಏರಿಸಿ, ಮತ್ತೆ ಇಳಿಸಿ, ಹೊರಗೆ ತಲೆ ಹಾಕಿದಳು. "ನಾನೂ ಅದನ್ನೇ ಹೇಳ್ತಿದ್ದೀನಪ್ಪ. ಅವನು ಕೇಳಬೇಕಲ್ಲ!"