ವಿಶ್ವಕ್ಕೆ ಅಂಚು ಸಿಕ್ಕಿದೆಯಾ? ಸತ್ಯಾಂಶ ಇಲ್ಲಿದೆ

"ವಿಶ್ವದ ಅಗಲ 9,300 ಕೋಟಿ ಜ್ಯೋತಿರ್ವರ್ಷ, ಅಲ್ಲಿಗೆ ಎಲ್ಲ ಮುಗಿಯಿತು, ಆಚೆ ಬರೀ ಶೂನ್ಯ" ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಸಂಖ್ಯೆ ಸರಿ (ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ). ಅರ್ಥ ತಪ್ಪು.

ಅದು ನಮಗೆ ಕಾಣಬಹುದಾದ ಭಾಗದ ಅಳತೆ ಮಾತ್ರ. ವಿಶ್ವ ಶುರುವಾಗಿ ಸುಮಾರು 1,380 ಕೋಟಿ ವರ್ಷ ಆಯಿತು. ಅಷ್ಟರಲ್ಲಿ ನಮ್ಮವರೆಗೆ ಬಂದು ತಲುಪಿದ ಬೆಳಕನ್ನಷ್ಟೇ ನಾವು ನೋಡಬಲ್ಲೆವು, ಆದರೆ ನಡುವಿನ ಜಾಗವೇ ಹಿಗ್ಗುತ್ತಾ ಬಂದಿದ್ದರಿಂದ ಆ ಬೆಳಕು ಹೊರಟ ತಾಣಗಳು ಈಗ ಸುಮಾರು 4,650 ಕೋಟಿ ಜ್ಯೋತಿರ್ವರ್ಷ ದೂರ ಹೋಗಿವೆ. ಎರಡೂ ಕಡೆ ಸೇರಿಸಿದರೆ 9,300 ಕೋಟಿ. ಮಲ್ಪೆ ಕಡಲ ತೀರದಲ್ಲಿ ನಿಂತರೆ ನೀರು ಆಕಾಶಕ್ಕೆ ತಾಗಿದ ಹಾಗೆ ಕಾಣುತ್ತದೆ, ಹಾಗಂತ ಸಮುದ್ರ ಅಲ್ಲೇ ಮುಗಿಯುವುದಿಲ್ಲ ಅಲ್ವಾ?

ಹಾಗಾದರೆ ವಿಶ್ವ ಅನಂತವೇ? "ಹೌದು, ಸಾಬೀತಾಗಿದೆ" ಅನ್ನುವ ಮೆಸೇಜೂ ತಪ್ಪೇ. 2009ರಲ್ಲಿ ಹಾರಿದ ಯುರೋಪಿನ ಪ್ಲಾಂಕ್ ಉಪಗ್ರಹ ಅಳೆದ ಅತಿ ಹಳೆಯ ಬೆಳಕನ್ನು ಬೇರೆ ಅಳತೆಗಳ ಜೊತೆ ಇಟ್ಟು ನೋಡಿದರೆ, ವಿಶ್ವ ಹೆಚ್ಚುಕಡಿಮೆ ಸಪಾಟು, ಅಂದರೆ ಒಟ್ಟಾರೆ ನೋಡಿದರೆ ಜಾಗಕ್ಕೆ ಬಾಗು ಕಾಣುವುದಿಲ್ಲ. ಸಪಾಟಾದ ಜಾಗ ಕೊನೆಯಿಲ್ಲದೆ ಹರಡಿರಬಹುದು. ಇಲ್ಲವೇ ನೇರ ಹೋದರೆ ಹೊರಟಲ್ಲಿಗೇ ಮರಳುವ ಹಾಗೆ ಜೋಡಿಕೊಂಡಿರಬಹುದು, ಆಗ ಅಂಚು ಇಲ್ಲದಿದ್ದರೂ ಗಾತ್ರಕ್ಕೆ ಮಿತಿ ಇರುತ್ತದೆ. ಗ್ಯಾಲಕ್ಸಿಗಳು, ಅಂದರೆ ನಕ್ಷತ್ರಗಳ ಭಾರೀ ಗುಂಪುಗಳು, ಲೆಕ್ಕವಿಲ್ಲದಷ್ಟು ಇವೆಯಾ ಅನ್ನುವ ಪ್ರಶ್ನೆಯೂ ಇದಕ್ಕೇ ಸೇರಿದ್ದು. ನೋಡಿದಷ್ಟು ದೂರ, ದೊಡ್ಡ ಅಳತೆಯಲ್ಲಿ ಅವು ಸಮನಾಗಿ ಹರಡಿವೆ. ಜಾಗ ಅನಂತವಾಗಿದ್ದು, ಅಲ್ಲೆಲ್ಲ ಇದೇ ರೀತಿ ಮುಂದುವರಿದಿದ್ದರೆ ಮಾತ್ರ ವಸ್ತುವೂ ಅನಂತ.