ಎಡಗೈ ಬೆನ್ನ ಹಿಂದೆ

ಚಾರಣಕ್ಕೆಂದು ಪುಟ್ಟ ಕ್ಯಾಮರಾ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಬೇಕು. ಬಲಗೈ ಒಂದರಲ್ಲೇ ಕ್ಯಾಮರಾವನ್ನು ಪ್ಯಾಂಟಿನ ಜೇಬಿನಿಂದ ಎಳೆದು, ಆನ್ ಮಾಡಿ, ಶಟರ್ ಗುಂಡಿ ಅರ್ಧ ಒತ್ತಿ ಫೋಕಸ್ ಹಿಡಿದು, ಕ್ಲಿಕ್ಕಿಸಿ, ಮತ್ತೆ ಜೇಬಿಗಿಳಿಸಬೇಕು. ಅಂಗಡಿಯ ಹುಡುಗ ಗಾಬರಿಯಿಂದ ಸೆಕ್ಯುರಿಟಿಯವರತ್ತ ನೋಡುತ್ತಾನೆ. ನೋಡಲಿ ಬಿಡಿ. ಕುಮಾರಪರ್ವತದ ಏರಿನಲ್ಲಿ ಎಡಗೈ ಹೇಗೂ ಯಾವುದೋ ಬೇರನ್ನು ತಬ್ಬಿಕೊಂಡಿರುತ್ತದೆ.

ಈ ಪರೀಕ್ಷೆಯಲ್ಲಿ ರಿಕೊ ಜಿಆರ್ 3 ಸಲೀಸಾಗಿ ಪಾಸು. ಬ್ಯಾಟರಿ, ಕಾರ್ಡು ಸೇರಿ 257 ಗ್ರಾಂ. ಒಳಗಿರುವುದು ದೊಡ್ಡ ಕ್ಯಾಮರಾಗಳ ಎಪಿಎಸ್-ಸಿ ಅಳತೆಯ ಸೆನ್ಸರ್, ಅಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್ಪು. ಜೂಮ್ ಮಾತ್ರ ನಿಮ್ಮ ಕಾಲಿನದು. ಹತ್ತಿರ ಬೇಕಿದ್ದರೆ ನಡೆದು ಹೋಗಿ, ಮಧ್ಯೆ ಕಣಿವೆಯಿದ್ದರೆ ಆಸೆ ಬಿಡಿ. ಸೋನಿ ಆರ್‌ಎಕ್ಸ್100 ಸರಣಿಯಲ್ಲಿ ಜೂಮೂ ಉಂಟು, '1 ಇಂಚು' ಸೆನ್ಸರೂ ಉಂಟು. ಆ ಇಂಚು ಹಳೆಯ ವಿಡಿಯೊ ಟ್ಯೂಬುಗಳ ಕಾಲದ ಲೆಕ್ಕ. ಸ್ಕೇಲು ಹಿಡಿದು ಅಳೆದರೆ 13.2 × 8.8 ಮಿ.ಮೀ.; ಸೈಟ್ ಜಾಹೀರಾತಿನ 'ಮೆಟ್ರೋಗೆ ಐದೇ ನಿಮಿಷ' ಇದ್ದ ಹಾಗೆ. ಆದರೂ ಅಗ್ಗದ ಪುಟ್ಟ ಕ್ಯಾಮರಾಗಳ 1/2.3 ಇಂಚಿನ ಸೆನ್ಸರಿಗಿಂತ ವಿಸ್ತೀರ್ಣದಲ್ಲಿ ಸುಮಾರು ನಾಲ್ಕು ಪಟ್ಟು. ಕುದುರೆಮುಖದ ಮಬ್ಬುಗತ್ತಲ ಶೋಲಾ ಕಾಡಿನೊಳಗೆ ಹೊಕ್ಕ ಮೇಲೆ ಆ ನಾಲ್ಕು ಪಟ್ಟಿನ ಬೆಲೆ ತಿಳಿಯುತ್ತದೆ.

ಅಂಗಡಿಯವರು ಮಾತ್ರ 40 ಪಟ್ಟು ಜೂಮನ್ನೇ ಹೊಗಳುತ್ತಾರೆ. ಕ್ಯಾನನ್ ಎಸ್‌ಎಕ್ಸ್740ಯ ಜೂಮನ್ನು ಪೂರ್ತಿ ಎಳೆದರೆ 960 ಮಿ.ಮೀ. ಲೆನ್ಸಿಗೆ ಸಮ, ನಿಜ. ಅಷ್ಟು ಹೊತ್ತಿಗೆ ಬೆಳಕಿನ ಕಂಡಿ ಎಫ್/6.9ಕ್ಕೆ ಕಿರಿದಾಗಿರುತ್ತದೆ. ಮರದ ನೆರಳಲ್ಲಿ ಶಟರ್ ನಿಧಾನವಾಗುತ್ತದೆ, ಏರು ಹತ್ತಿದವರ ಎದೆ ಕಮ್ಮಾರನ ತಿದಿಯಂತೆ ಏಳುತ್ತಿರುತ್ತದೆ. ಮಂಗಟ್ಟೆ ಹಕ್ಕಿ ಫೋಟೋದಲ್ಲಿ ಒದ್ದೆ ಕೊಡೆಯಾಗಿ ಕಾಣುವುದು ಹೀಗೆ.

ಉದ್ದಕ್ಕೆ ಹೊರಬರುವ ಲೆನ್ಸಿಗೆ ಇನ್ನೊಂದು ಚಟವಿದೆ: ಚಾಚುವಾಗ ಪಂಪಿನಂತೆ ಗಾಳಿ ಎಳೆದುಕೊಳ್ಳುತ್ತದೆ. ಇಂಬಳಕ್ಕೆಂದು ಇಟ್ಟ ಉಪ್ಪು, ಹೊಗೆಸೊಪ್ಪಿನ ಪುಡಿ, ಚಕ್ಕುಲಿಯ ಚೂರು, ಎಲ್ಲ ಅದೇ ಜೇಬಿನಲ್ಲಿದ್ದರೆ ಎರಡರಲ್ಲೊಂದು ಖಚಿತ. ಒಂದೋ ಲೆನ್ಸು ಅರ್ಧ ಹೊರಬಂದು, ಕರಕರ ಎಂದು, 'ಲೆನ್ಸ್ ಎರರ್' ಬರೆದು ಮುಷ್ಕರ ಹೂಡುತ್ತದೆ. ಇಲ್ಲವೇ ಧೂಳಿನ ಕಣವೊಂದು ಸೆನ್ಸರ್ ಮೇಲೆ ಕೂತು, ತೆಗೆದ ಫೋಟೋಗಳಲ್ಲೆಲ್ಲ ಆಕಾಶದ ಅದೇ ಮೂಲೆಯಲ್ಲಿ ಹದ್ದು ಹಾರಿಸುತ್ತದೆ. ಅನುಮಾನವಿದ್ದರೆ ಬೆಳಕಿನ ಕಂಡಿಯನ್ನು ಆದಷ್ಟು ಕಿರಿದಾಗಿಸಿ ಬರೀ ಆಕಾಶದ ಫೋಟೋ ತೆಗೆದು ನೋಡಿ. ಈ ಕ್ಯಾಮರಾಗಳ ಲೆನ್ಸು ಬಿಚ್ಚಲು ಬರುವುದಿಲ್ಲ, ಹದ್ದನ್ನು ಓಡಿಸಲು ಸರ್ವಿಸ್ ಸೆಂಟರಿಗೇ ಹೋಗಬೇಕು. ಹತ್ತು ರೂಪಾಯಿಯ ಜಿಪ್ ಚೀಲ ಇದನ್ನೆಲ್ಲ ತಪ್ಪಿಸುತ್ತದೆ.

ಮಳೆಗಾಲಕ್ಕೇ ಬೇಕೆಂದರೆ ಒಲಿಂಪಸ್ ಟಿಜಿ-6ರಂಥ ಗಟ್ಟಿಪಿಂಡ ಸರಿ. ಲೆನ್ಸು ಹೊರಬರುವುದೇ ಇಲ್ಲ. 15 ಮೀಟರ್ ನೀರು, 2.1 ಮೀಟರ್ ಎತ್ತರದ ಬೀಳು ತಡೆಯುತ್ತದೆ ಎಂಬುದು ಕಂಪನಿಯ ಮಾತು. ಆ ಮಾತು ನಿಂತಿರುವುದು ಬ್ಯಾಟರಿ ಬಾಗಿಲಿನ ರಬ್ಬರ್ ಅಂಚಿನ ಮೇಲೆ. ಅಲ್ಲಿ ಒಂದು ಕೂದಲು ಸಿಕ್ಕಿಕೊಂಡರೂ ನೀರಿಗೆ ದಾರಿ ಸಿಕ್ಕಂತೆ. ಮುಚ್ಚುವ ಮುನ್ನ ಒಮ್ಮೆ ಒರೆಸಿ. ಸೆನ್ಸರ್ ಚಿಕ್ಕದು, ಸಂಜೆ ಫೋಟೋ ರವೆರವೆಯಾಗುತ್ತದೆ. ಒದ್ದೆಯಾದ ಫೋಟೋಕ್ಕಿಂತ ರವೆಯಾದರೂ ವಾಸಿ.

ಬೆಳಗಿನ ಜಾವ ಎಸಿ ಬಸ್ಸಿಳಿದೊಡನೆ ಕ್ಯಾಮರಾ ಹೊರತೆಗೆದರೆ ಮಲೆನಾಡಿನ ತೇವವೆಲ್ಲ ಆ ತಣ್ಣನೆಯ ಗಾಜಿಗೆ ಬಂದು ಮುತ್ತುತ್ತದೆ. ಟೀ ಶರ್ಟಿನಿಂದ ಉಜ್ಜಿದಷ್ಟೂ ಮತ್ತೆ ಮಬ್ಬು, ಜೊತೆಗೆ ಬೆವರಿನ ಜಿಡ್ಡು ಬೇರೆ. ಬಸ್ಸಿನಲ್ಲೇ ಜಿಪ್ ಚೀಲಕ್ಕೆ ಹಾಕಿ ಬಾಯಿ ಮುಚ್ಚಿ, ಇಳಿದ ಮೇಲೂ ಅರ್ಧ ಗಂಟೆ ತೆಗೆಯಬೇಡಿ. ಅಷ್ಟರಲ್ಲಿ ತಿಂಡಿ ಮುಗಿಯುತ್ತದೆ. ಮಂಜಿನಲ್ಲಿ ಫ್ಲಾಶ್ ಬಂದ್. ಇಲ್ಲದಿದ್ದರೆ ಬೆಳಕು ಹನಿಗಳಿಗೆ ಬಡಿದು ವಾಪಸಾಗಿ, ಗೆಳೆಯರ ಮುಖದ ತುಂಬ ಸಾಬೂನು ಗುಳ್ಳೆ ತೇಲುತ್ತವೆ. ಬಿಳಿ ಮಂಜನ್ನು ಬೂದು ಬಣ್ಣ ಮಾಡುವುದು ಕ್ಯಾಮರಾದ ಸ್ವಭಾವ, ಎಕ್ಸ್‌ಪೋಷರನ್ನು, ಅಂದರೆ ಚಿತ್ರದ ಬೆಳಕಿನ ಮಟ್ಟವನ್ನು, +0.7 ಅಥವಾ +1ಕ್ಕೆ ಏರಿಸಿ.

ಬ್ಯಾಟರಿ ಎರಡಿರಲಿ. ಜಿಆರ್ 3ರದು ಸುಮಾರು 200 ಫೋಟೋಗೆ ಮುಗಿಯುತ್ತದೆ. ಅದರಲ್ಲಿ ಒಂದಷ್ಟನ್ನು 'ತೋರಿಸು ಮಾರಾಯ' ಎನ್ನುವವರೇ ಸ್ಕ್ರೀನಿನಲ್ಲಿ ತಿಂದು ಹಾಕುತ್ತಾರೆ.

ಇಷ್ಟಾಗಿಯೂ ಕ್ಯಾಮರಾ ಹಳ್ಳಕ್ಕೆ ಬಿತ್ತೋ, ಆನ್ ಮಾಡಿ ನೋಡುವ ಚಪಲ ಬೇಡ. ಬ್ಯಾಟರಿ, ಕಾರ್ಡು ತೆಗೆದು, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ದಿನ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ. ಅಕ್ಕಿಯ ಹುಡಿ ಲೆನ್ಸಿನೊಳಗೆ ಸೇರುತ್ತದೆ, ತೆಗೆಯಲು ಮರೆತ ಮೆಮೊರಿ ಕಾರ್ಡು ಚಿತ್ರಾನ್ನದಲ್ಲಿ ಸಿಗುತ್ತದೆ.