ಮೂರು ಕಾಲಿನ ಆನೆ

ಸೀರೆ ಅಂಗಡಿಯಲ್ಲಿ ನಮ್ಮತ್ತೆ ಮೊದಲು ನೋಡುವುದು ಸೆರಗನ್ನಲ್ಲ, ಸೆರಗಿನ ಹಿಂಭಾಗವನ್ನು. ಅಂಗಡಿಯವನು ‘ಅಪ್ಪಟ ಕಸೂತಿ ರೀ ಅಕ್ಕಾರ’ ಎಂದು ಹರವುವಷ್ಟರಲ್ಲಿ ಇವರು ತಿರುವಿ ಹಾಕಿರುತ್ತಾರೆ. ದಾರದ ಗೋಜಲು ಕಂಡರೆ ‘ಮಶೀನಿಂದು’ ಎಂದು ವಾಪಸ್ ಕೊಡುತ್ತಾರೆ. ಕಸೂತಿಗೆ ಈ ಸೀಮೆಯದೇ ಎಂಬ ಸರ್ಕಾರಿ ಜಿಐ ಗುರುತು ಸಿಕ್ಕಿದೆ ನಿಜ, ಆದರೆ ಅತ್ತೆಗೆ ಹಿಂಭಾಗವೇ ಗುರುತು. ಮೈಸೂರಿನಿಂದ ಧಾರವಾಡಕ್ಕೆ ಬಂದ ಹೊಸದರಲ್ಲಿ ನನಗೆ ಇದು ಮುಜುಗರ ತರುತ್ತಿತ್ತು. ಈಗ ನಾನೂ ತಿರುವುತ್ತೇನೆ.

ಕಸೂತಿ ಹೊಲಿಗೆ ಕಲಿಯಲು ಕೂತದ್ದು ಸುಮ್ನೆ ಹೊತ್ತು ಹೋಗಲಿ ಅಂತ. ವಿಡಿಯೋ ಕೂಡ ಒಂದೂವರೆ ಪಟ್ಟು ವೇಗದಲ್ಲಿ ನೋಡುವ ಜಾತಿ ನನ್ನದು. ಭಾನುವಾರ ಒಂದು ಆನೆ ಮುಗಿಸಿ ಸೋಮವಾರ ಫೋಟೋ ಹಾಕಬಹುದು ಅಂದುಕೊಂಡಿದ್ದೆ. ಅತ್ತೆ ಚೌಕ ಚೌಕ ಮನೆಗಳಾಗಿ ನೇಯ್ದ ಒಂದು ತುಂಡು ಮ್ಯಾಟಿ ಬಟ್ಟೆ, ಸೂಜಿ, ಕೆಂಪು ದಾರ ಕೊಟ್ಟರು. ಚಿತ್ರ ಬರೆದುಕೊಳ್ಳಲು ಪೆನ್ಸಿಲ್ ಕೇಳಿದೆ. ನಕ್ಕರು. ಕಸೂತಿಗೆ ಬಟ್ಟೆಯ ಮೇಲೆ ಏನೂ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುವುದು ಅಷ್ಟೇ. ಗೋಪುರ, ತೇರು, ಪಲ್ಲಕ್ಕಿ, ಗಿಳಿ, ತುಳಸಿಕಟ್ಟೆ ಎಲ್ಲವೂ ಎಣಿಕೆಯಲ್ಲೇ ಮೂಡಬೇಕು. ದಾರದ ತುದಿಗೆ ಗಂಟೂ ಹಾಕುವಂತಿಲ್ಲ.

ಹೊಲಿಗೆ ನಾಲ್ಕು ಬಗೆ. ಮೆಂತ್ಯದ ಕಾಳಿನ ಹಾಗೆ ಅಡ್ಡಡ್ಡ ಕೂರುವುದು ಮೆಂತಿ, ನೇಯ್ದ ಹಾಗೆ ಕಾಣುವುದು ನೇಗಿ, ಮೆಟ್ಟಿಲು ಹತ್ತಿದ ಹಾಗೆ ಹೋಗುವುದು ಮುರ್ಗಿ. ನನ್ನ ಪಾಲಿಗೆ ಬಂದದ್ದು ಗವಂತಿ.

ಗವಂತಿಯ ತಮಾಷೆ ನೋಡಿ. ಹೋಗುವಾಗ ದಾರ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ರಸ್ತೆ ನಡುವಿನ ಬಿಳಿ ಪಟ್ಟಿಯ ಹಾಗೆ ಬಿಟ್ಟು ಬಿಟ್ಟು ಕಾಣುತ್ತದೆ. ಆಮೇಲೆ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಬಿಟ್ಟ ಜಾಗವೆಲ್ಲ ಆಗ ತುಂಬುತ್ತದೆ. ಹಿಂದೂ ಮುಂದೂ ಒಂದೇ ಚಿತ್ರ. ಹಾಗಾಗಿ ಅರ್ಧ ಕೆಲಸ ಆಗುವ ತನಕ ಇದು ಆನೆಯೋ ಆಡೋ ನೋಡಿದವರಿಗೆ ಗೊತ್ತಾಗುವುದಿಲ್ಲ. ಹೊಲಿಯುವವಳಿಗೂ ಅಷ್ಟೇ, ತಪ್ಪು ಆಗಿದ್ದರೆ ಅದು ತಿಳಿಯುವುದು ತುಂಬಾ ತಡವಾಗಿ.

ನನ್ನ ಆನೆ ಬೆನ್ನು, ತಲೆ, ಸೊಂಡಿಲು ಎಲ್ಲ ಸುತ್ತಿ ಹೊಟ್ಟೆಯ ಕಡೆಯಿಂದ ಬಂತು. ಹೊರಟ ಜಾಗಕ್ಕೆ ದಾರ ಸೇರುತ್ತಿಲ್ಲ. ಒಂದು ಮನೆ ಆಚೆ ನಿಂತಿದೆ.

‘ಒಂದೇ ಮನೆ ಅಲ್ವಾ ಅತ್ತೆ, ಎಳೆದು ಸೇರಿಸ್ತೀನಿ.’

‘ಸೇರಸು. ಆನಿ ಕುಂಟತದ.’

ಸೇರಿಸಿದೆ. ಕುಂಟಿತು.

ಬಿಚ್ಚಲು ಕೂತೆ. ಅದಕ್ಕೂ ಒಂದು ಕ್ರಮವಿದೆ. ಸೂಜಿಯ ಮೊನೆ ಹಾಕಬಾರದು, ಬಟ್ಟೆಯ ಎಳೆ ಸೀಳುತ್ತದೆ. ಕಣ್ಣಿನ ಕಡೆಯಿಂದ ದಾರವನ್ನು ಮೆಲ್ಲಗೆ ಎಬ್ಬಿಸಬೇಕು. ದಾರ ಎದ್ದ ಕಡೆ ಸಣ್ಣ ಸಣ್ಣ ತೂತು ಉಳಿಯುತ್ತವೆ. ಉಗುರಿನಿಂದ ಹಗುರಾಗಿ ಕೆರೆದರೆ ಎಳೆಗಳು ಮತ್ತೆ ಹತ್ತಿರ ಬಂದು, ಇಲ್ಲಿ ಏನೂ ನಡೆದೇ ಇಲ್ಲ ಎಂಬಂತೆ ಕೂಡಿಕೊಳ್ಳುತ್ತವೆ. ಅದನ್ನೇ ನೋಡುತ್ತ ಕೂತೆ. ಕುಕ್ಕರ್ ಎಷ್ಟು ಸಲ ಕೂಗಿತೋ ಗೊತ್ತಿಲ್ಲ. ಅನ್ನ ತಳ ಹಿಡಿಯಿತು. ವಿಚಿತ್ರ ಅಂದರೆ, ಹೊಲಿಯುವಾಗ ಇಲ್ಲದ ಖುಷಿ ಆವತ್ತು ಬಿಚ್ಚುವಾಗ ಸಿಕ್ಕಿತ್ತು.

ಇದನ್ನು ಧ್ಯಾನ ಅನ್ನುವವರಿದ್ದಾರೆ. ನನಗೆ ಹಾಗನಿಸಿಲ್ಲ. ಧ್ಯಾನದಲ್ಲಿ ಬೆರಳಿಗೆ ಸೂಜಿ ಚುಚ್ಚುವುದಿಲ್ಲ. ಆದರೆ ಎಣಿಸುವಾಗ ಫೋನ್ ನೋಡಿದರೆ ಎಣಿಕೆ ಹೋಯಿತು, ಯಾರ ಮೇಲಾದರೂ ಸಿಟ್ಟು ಮಾಡಿಕೊಂಡರೂ ಹೋಯಿತು. ಹಾಗಾಗಿ ಮಧ್ಯಾಹ್ನ ಒಂದು ತಾಸು ನಾನು ಯಾರ ಮೇಲೂ ಸಿಟ್ಟಾಗುವುದಿಲ್ಲ.

ಅತ್ತೆಯ ಟ್ರಂಕಿನಲ್ಲಿ ಅವರ ಮದುವೆಯ ಚಂದ್ರಕಾಳಿ ಸೀರೆ ಇದೆ. ಪೂರ್ತಿ ಕರಿ. ಮ್ಯಾಟಿಯ ಹಾಗೆ ಮನೆ ಮನೆ ಕಾಣುವುದಿಲ್ಲ, ಕರಿ ಎಳೆಗಳನ್ನು ಒಂದೊಂದಾಗಿ ಎಣಿಸಬೇಕು. ಹಗಲು ಬೆಳಕಿನಲ್ಲಿ ಮಾತ್ರ ಆಗುವ ಕೆಲಸ. ಅದರ ಕಸೂತಿ ಅವರ ತಾಯಿ ಹಾಕಿದ್ದಂತೆ. ಸೆರಗನ್ನು ತಿರುವಿ ತಿರುವಿ ನೋಡಿದೆ. ಯಾವುದು ಒಳಗು, ಯಾವುದು ಹೊರಗು ಎಂದು ಬಹಳ ಹೊತ್ತು ತಿಳಿಯಲಿಲ್ಲ.

ನನ್ನ ಕೆಲಸ ಶುರುವಾಗಿ ಆರು ವಾರವಾಯಿತು. ಅಮ್ಮ ಮೈಸೂರಿನಿಂದ ಫೋನ್ ಮಾಡಿದಾಗಲೆಲ್ಲ ‘ಮುಗೀತೇನೇ?’ ಅನ್ನುತ್ತಾಳೆ. ಮೊನ್ನೆ ಇವತ್ತು ಮುಗಿಸಿಯೇ ಏಳುವುದು ಎಂದು ಹಟ ಹಿಡಿದು ಕೂತಿದ್ದೆ. ಅತ್ತೆ ಕನ್ನಡಕ ಏರಿಸಿ, ಬಟ್ಟೆ ಇಸಿದುಕೊಂಡು, ಹಿಂದೆ ತಿರುವಿ ನೋಡಿದರು.

‘ಇನ್ನೂ ಮೂರ ಕಾಲ ಅದಾವ. ಎಲ್ಲಿ ಓಡಿ ಹೋಗ್ತದ? ಏಳು, ಚಾ ಮಾಡು.’